ಕೊರಿಯಾದವರು ಮೊದಲು ವಯಸ್ಸು ಕೇಳುವುದು ಯಾಕೆ?

ದಕ್ಷಿಣ ಕೊರಿಯಾದವರ ಜೊತೆ ಕೆಲಸ ಶುರುವಾದ ಹೊಸತರಲ್ಲಿ ನನಗೆ ಜಾಸ್ತಿ ಕಿರಿಕಿರಿ ಆಗಿದ್ದು ಒಂದೇ ಪ್ರಶ್ನೆಗೆ. ಪರಿಚಯ ಆಗಿ ಹತ್ತು ನಿಮಿಷ ಆಗಿರುವುದಿಲ್ಲ, "ನೀವು ಹುಟ್ಟಿದ್ದು ಯಾವ ವರ್ಷ?" ಅಂತ ಕೇಳುತ್ತಾರೆ. ಇದೇನಪ್ಪಾ, ಜಾತಕ ಕೂಡಿಸೋಕೆ ಬಂದವರ ಹಾಗೆ ಅನ್ನಿಸುತ್ತಿತ್ತು. ಆಮೇಲೆ ಗೊತ್ತಾಯಿತು, ಅವರು ಕುತೂಹಲಕ್ಕೆ ಕೇಳುತ್ತಿಲ್ಲ. ಉತ್ತರ ಸಿಗುವ ತನಕ ಅವರಿಗೆ ಮುಂದಿನ ವಾಕ್ಯವನ್ನು ಹೇಗೆ ಮುಗಿಸಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಇದು ತಮಾಷೆ ಅಲ್ಲ, ವ್ಯಾಕರಣ. ಕೊರಿಯನ್ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಮ್ಮ ಹಾಗೇ. ಆದರೆ ನಮ್ಮ ಕ್ರಿಯಾಪದದ ಬಾಲ ಯಾರು ಮಾಡಿದ್ದು ಅಂತ ಹೇಳುತ್ತದೆ: ಬಂದನು, ಬಂದಳು, ಬಂದರು. ಅವರ ಕ್ರಿಯಾಪದದ ಬಾಲ ಯಾರ ಎದುರು ನಿಂತು ಮಾತಾಡುತ್ತಿದ್ದೀರಿ ಅಂತ ಹೇಳುತ್ತದೆ. "ಮಳೆ ಬರ್ತಿದೆ" ಅನ್ನುವ ಬಡಪಾಯಿ ವಾಕ್ಯವನ್ನೇ ತೆಗೆದುಕೊಳ್ಳಿ. ತಮ್ಮನಿಗೆ ಹೇಳುವಾಗ "ಬಿಗಾ ವಾ". ಪಕ್ಕದ ಮನೆಯವರಿಗೆ "ಬಿಗಾ ವಾಯೊ". ಮೀಟಿಂಗ್‌ನಲ್ಲಿ ದೊಡ್ಡವರ ಎದುರು "ಬಿಗಾ ಓಮ್‌ನಿದಾ". ಮಳೆ ಅದೇ, ಕೇಳುವವರು ಬೇರೆ. ಧಾರವಾಡದ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ "ಹೌದ್ರಿ, ಇಲ್ರಿ, ಮಳಿ ಬಂತ್ರಿ" ಅಂತ ಮಳೆಗೂ ರಿ ಹಚ್ಚುತ್ತಾರೆ ಅಲ್ವಾ? ಆ ರಿ ಮಳೆಗೆ ಕೊಟ್ಟ ಮರ್ಯಾದೆ ಅಲ್ಲ, ಎದುರಿಗೆ ಇರುವವರಿಗೆ ಕೊಟ್ಟದ್ದು. ಕೊರಿಯಾದ "ಯೊ" ಹೆಚ್ಚುಕಡಿಮೆ ಅದೇ ರಿ.

ಮರ್ಯಾದೆಯ ಮಾತಿಗೆ ಅವರು ಜೊಂದೆನ್ಮಾಲ್ ಅನ್ನುತ್ತಾರೆ. ಸಲಿಗೆಯ ಮಾತು ಬನ್‌ಮಾಲ್, ಅಂದರೆ ಅರ್ಧ ಮಾತು. ಅರ್ಧ ಮಾತನ್ನು ಅಪರಿಚಿತರ ಮೇಲೆ ಬಳಸಿದರೆ ಜಗಳ ಗ್ಯಾರಂಟಿ. ರಾಜಧಾನಿ ಸೋಲ್‌ನಲ್ಲಿ ಇಬ್ಬರ ಕಾರು ಒಂದಕ್ಕೊಂದು ತಾಗಿ ಬಾಯಿಗೆ ಬಾಯಿ ಹತ್ತಿದರೆ, ತಪ್ಪು ಯಾರದ್ದು ಅನ್ನುವುದು ಒಂದು ಹಂತದಲ್ಲಿ ಮರೆತೇ ಹೋಗಿ "ಏನು, ಬನ್‌ಮಾಲ್‌ನಲ್ಲಿ ಮಾತಾಡ್ತೀಯಾ? ನಿನ್ನ ವಯಸ್ಸೆಷ್ಟು?" ಅನ್ನುವುದಕ್ಕೆ ಬಂದು ನಿಲ್ಲುತ್ತದೆ. ನಮ್ಮಲ್ಲಿ "ಏಕವಚನದಲ್ಲಿ ಮಾತಾಡಬೇಡ" ಅನ್ನುವ ಜಗಳ ಇದೆಯಲ್ಲ, ಅದರ ಅವಳಿ ತಮ್ಮ.

ಒಂದು ವ್ಯತ್ಯಾಸ ಮಾತ್ರ ಗಮನಿಸಿ. ನಮಗೆ "ನೀವು" ಅನ್ನುವ ಸೇಫ್ ಆದ ಪದ ಇದೆ, ಯಾರಿಗೆ ಬೇಕಾದರೂ ನಡೆಯುತ್ತದೆ. ಕೊರಿಯನ್‌ನಲ್ಲಿ ಅಂಥದ್ದು ಇಲ್ಲ. ನಿಘಂಟು ನೋಡಿದರೆ "ದಾಂಗ್‌ಶಿನ್" ಅಂತ ಸಿಗುತ್ತದೆ. ಅದನ್ನು ಗಂಡ ಹೆಂಡತಿ ಬಳಸುತ್ತಾರೆ, ಜಾಹೀರಾತಿನಲ್ಲಿ ಬರುತ್ತದೆ, ಇಲ್ಲದಿದ್ದರೆ ಬೀದಿ ಜಗಳದಲ್ಲಿ ಬರುತ್ತದೆ. ಆಫೀಸಿನಲ್ಲಿ ಬಳಸಿದರೆ ಕೆಟ್ಟಿರಿ. ಹಾಗಾದರೆ ಎದುರಿಗಿರುವವರನ್ನು ಏನಂತ ಕರೆಯುವುದು? ಅವರ ಹುದ್ದೆಯಿಂದ, ಇಲ್ಲ ಸಂಬಂಧದಿಂದ. ಹಾಗಾಗಿ ಅವರ ಹುದ್ದೆ ಏನು, ನಿಮಗಿಂತ ದೊಡ್ಡವರಾ ಚಿಕ್ಕವರಾ ಅನ್ನುವುದು ಗೊತ್ತಿರಲೇಬೇಕು. ಕಾರ್ಡು ಕೊಡುವುದು, ಗ್ಲಾಸ್ ಹಿಡಿಯುವುದು, ಯಾವ ಕುರ್ಚಿಯಲ್ಲಿ ಕೂರುವುದು, ಎಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ "ಕೊರಿಯಾದಲ್ಲಿ ಮಾಡಬಾರದ ಇಪ್ಪತ್ತು ಕೆಲಸ" ಅನ್ನುವ ಪಟ್ಟಿಗಳನ್ನು ಬಾಯಿಪಾಠ ಮಾಡುವ ಬದಲು ಇದೊಂದನ್ನು ಹಿಡಿದುಕೊಳ್ಳಿ. ಮಿಕ್ಕಿದ್ದನ್ನು ನೀವೇ ಊಹಿಸಬಹುದು.

ಇನ್ನು ವಯಸ್ಸಿನ ಲೆಕ್ಕ. ಅಲ್ಲಿನ ಹಳೆ ಪದ್ಧತಿಯಲ್ಲಿ ಮಗು ಹುಟ್ಟಿದ ದಿನವೇ ಒಂದು ವರ್ಷ. ಆಮೇಲೆ ಪ್ರತಿ ಜನವರಿ 1ಕ್ಕೆ ಎಲ್ಲರಿಗೂ ಒಟ್ಟಿಗೆ ಒಂದೊಂದು ವರ್ಷ ಏರುತ್ತದೆ. ಡಿಸೆಂಬರ್ 31ಕ್ಕೆ ಹುಟ್ಟಿದ ಕೂಸಿಗೆ ಮಾರನೇ ದಿನ ಎರಡು ವರ್ಷ! 2023ರ ಜೂನ್ 28ರಿಂದ ಕಾನೂನಿನ ಕಾಗದಪತ್ರಗಳಲ್ಲಿ ನಮ್ಮ ಥರದ ಲೆಕ್ಕವೇ ನಡೆಯಬೇಕು ಅಂತಾಯಿತು. ಆದರೂ ಹೆಂಡ, ಸಿಗರೇಟು ಕೊಳ್ಳುವುದಕ್ಕೆ, ಸೇನೆಗೆ ಕರೆಯುವುದಕ್ಕೆ ಹುಟ್ಟಿದ ವರ್ಷವನ್ನೇ ನೋಡುತ್ತಾರೆ. ಜನರ ತಲೆಯಲ್ಲೂ ಹುಟ್ಟಿದ ವರ್ಷವೇ ಕೂತಿದೆ. ಆದ್ದರಿಂದ ವಯಸ್ಸು ಕೇಳಿದರೆ "ತೊಂಬತ್ತೆರಡರಲ್ಲಿ ಹುಟ್ಟಿದ್ದು" ಅಂತ ವರ್ಷವನ್ನೇ ಹೇಳಿಬಿಡಿ, ಗೊಂದಲ ಇರುವುದಿಲ್ಲ. "ಚಿಂಗು" ಅನ್ನುವ ಪದಕ್ಕೆ ಗೆಳೆಯ ಅಂತ ಅರ್ಥ ಕೊಡುತ್ತಾರೆ. ನಿಜವಾಗಿ ಅದು ನಡೆಯುವುದು ಒಂದೇ ವಯಸ್ಸಿನವರ ನಡುವೆ. ಒಂದು ವರ್ಷ ದೊಡ್ಡವನಾದರೂ ಅವನು ಅಣ್ಣ, ಗೆಳೆಯ ಅಲ್ಲ.

ಬೆಂಗಳೂರಿನಲ್ಲಿ ಕೂತು ಇದೆಲ್ಲ ಯಾಕೆ ಅಂದರೆ, ಕೊರಿಯಾ ನಮಗೆ ಈಗ ದೂರದ ದೇಶ ಅಲ್ಲ. ಸ್ಯಾಮ್‌ಸಂಗ್ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದದ್ದು 1996ರಲ್ಲಿ. ಶ್ರೀಪೆರುಂಬುದೂರಿನಲ್ಲಿ ಹ್ಯುಂಡೈ ಕಾರು ಹೊರಬರಲು ಶುರುವಾಗಿದ್ದು 1998ರಲ್ಲಿ. ವಿಜಯನಗರದ ಅರಸರು ಬೇಸಿಗೆ ಕಳೆಯುತ್ತಿದ್ದ ಪೆನುಕೊಂಡದ ಪಕ್ಕದಲ್ಲಿ 2019ರಿಂದ ಕಿಯಾ ಕಾರ್ಖಾನೆ ಓಡುತ್ತಿದೆ. ಇವುಗಳ ಸುತ್ತ ಬಿಡಿಭಾಗ ಮಾಡುವವರು, ಊಟ ಒದಗಿಸುವವರು, ಸಾಫ್ಟ್‌ವೇರ್ ಬರೆಯುವವರು ಅಂತ ಸಾವಿರಾರು ಜನ ಇದ್ದಾರೆ. ಅವರಲ್ಲಿ ಕನ್ನಡದವರೂ ಇದ್ದಾರೆ.

ಹೆಸರು ಬೇಡ, ಹುದ್ದೆ ಹೇಳಿ

ಕೊರಿಯಾದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕಿಮ್, ಲೀ, ಪಾರ್ಕ್, ಈ ಮೂರರಲ್ಲೇ ದೇಶದ ಶೇ 40ಕ್ಕಿಂತ ಜಾಸ್ತಿ ಜನ ಬರುತ್ತಾರೆ. ಆಫೀಸಿನಲ್ಲಿ "ಮಿಸ್ಟರ್ ಕಿಮ್" ಅಂತ ಕೂಗಿದರೆ ನಾಲ್ಕು ತಲೆ ತಿರುಗುತ್ತವೆ, ಅದೂ ಅಲ್ಲದೆ ಅದು ಮರ್ಯಾದೆಯಾಗಿಯೂ ಕೇಳಿಸುವುದಿಲ್ಲ. ಹುದ್ದೆ ಸೇರಿಸಿ, ಕೊನೆಗೆ "ನಿಮ್" ಹಚ್ಚಬೇಕು. ಈ ನಿಮ್ ನಮ್ಮ ಅವರು, ಗಾರು, ಜೀ ಇದ್ದ ಹಾಗೆ. ಹೊಸದಾಗಿ ಸೇರಿದವರು ಸಾವನ್, ಅದರ ಮೇಲೆ ದೆರಿ, ಆಮೇಲೆ ಗ್ವಾಜಾಂಗ್, ಚಾಜಾಂಗ್, ಬುಜಾಂಗ್. ಬುಜಾಂಗ್ ಅಂದರೆ ಇಲಾಖೆಯ ಮುಖ್ಯಸ್ಥರು. ಅದರಾಚೆಗೆ ನಿರ್ದೇಶಕರ ಸಾಲು, ಕಂಪನಿಯ ಯಜಮಾನ ಸಾಜಾಂಗ್, ಇಡೀ ಸಮೂಹದ ದೊಡ್ಡ ಯಜಮಾನ ಹ್ವೆಜಾಂಗ್. ಹಾಗಾಗಿ "ಕಿಮ್ ಬುಜಾಂಗ್‌ನಿಮ್" ಅನ್ನಬೇಕು. ಎಷ್ಟೋ ಸಲ ವರ್ಷಗಟ್ಟಲೆ ಜೊತೆಗೆ ಕೆಲಸ ಮಾಡಿದವರ ಸ್ವಂತ ಹೆಸರನ್ನು ಯಾರೂ ಬಾಯಿಬಿಟ್ಟು ಕರೆದಿರುವುದೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಶಾನುಭೋಗರು, ಮೇಷ್ಟ್ರು ಅಂತ ಕರೆದು ಕರೆದು ಅವರ ಹೆಸರೇ ಮರೆತುಹೋಗುತ್ತಿತ್ತಲ್ಲ, ಹಾಗೆ.

ಇದು ಕೆಲಸಕ್ಕೆ ಅಡ್ಡಿ ಅಂತ ಅಲ್ಲಿಯವರಿಗೂ ಅನ್ನಿಸಿದೆ. ಅಲ್ಲಿನ ದೊಡ್ಡ ಕಂಪನಿ ಸಿಜೆ ಸಮೂಹ 2000ದಲ್ಲೇ ಹುದ್ದೆ ಬಿಟ್ಟು ಹೆಸರಿಗೆ ನಿಮ್ ಸೇರಿಸಿ ಕರೆಯಿರಿ ಅಂದಿತು. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್ 2017ರಲ್ಲಿ ಹುದ್ದೆಗಳ ಏಳು ಮೆಟ್ಟಿಲನ್ನು ನಾಲ್ಕಕ್ಕೆ ಇಳಿಸಿತು. ಕಾಕಾವೊ ಅನ್ನುವ ಇಂಟರ್ನೆಟ್ ಕಂಪನಿಯಲ್ಲಿ ಎಲ್ಲರೂ ಒಂದೊಂದು ಇಂಗ್ಲಿಷ್ ಹೆಸರು ಇಟ್ಟುಕೊಂಡು ಅದರಿಂದಲೇ ಕರೆದುಕೊಳ್ಳುತ್ತಾರೆ. ಕೊರಿಯನ್ ಹೆಸರಿನ ಜೊತೆ ಬರುವ ಭಾರ ಇಂಗ್ಲಿಷ್ ಹೆಸರಿಗೆ ಇಲ್ಲ, ಅದಕ್ಕೆ. ಆದರೆ ಬೋರ್ಡು ಬದಲಾದ ತಕ್ಷಣ ತಲೆ ಬದಲಾಗುವುದಿಲ್ಲ. ಎದುರಿನವರು ಬೇರೆ ಥರ ಕರೆಯಿರಿ ಅಂತ ಹೇಳುವ ತನಕ ಹುದ್ದೆ ಮತ್ತು ನಿಮ್ ಬಿಡಬೇಡಿ.

ಹುದ್ದೆ ತಿಳಿಯುವ ದಾರಿ ವಿಸಿಟಿಂಗ್ ಕಾರ್ಡು. ಅದನ್ನು ಎರಡೂ ಕೈಯಲ್ಲಿ ಕೊಡಬೇಕು, ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ತೆಗೆದುಕೊಂಡ ಮೇಲೆ ನಿಜವಾಗಿಯೂ ಓದಬೇಕು. ಮೀಟಿಂಗ್ ಇದ್ದರೆ ಮೇಜಿನ ಮೇಲೆ ಅವರು ಕೂತ ಸಾಲಿನಲ್ಲೇ ಜೋಡಿಸಿಟ್ಟುಕೊಳ್ಳಿ, ನಿಮಗೇ ಅನುಕೂಲ. ನಾನು ಮೊದಲ ಸಲ ಕಾರ್ಡನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿ ಅದರ ಮೇಲೇ ಕೂತಿದ್ದೆ. ಯಾರೂ ಏನೂ ಹೇಳಲಿಲ್ಲ. ಹೇಳುವುದೂ ಇಲ್ಲ, ತೊಂದರೆ ಇರುವುದೇ ಅಲ್ಲಿ. ಇನ್ನೊಂದು ಚಿಕ್ಕ ವಿಷಯ: ಬದುಕಿರುವವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯಬೇಡಿ, ಅದು ಸತ್ತವರಿಗೆ ಅನ್ನುವ ನಂಬಿಕೆ ಇದೆ. ನಾಲ್ಕನ್ನು ಹೇಳುವ "ಸಾ" ಮತ್ತು ಸಾವಿನ "ಸಾ" ಉಚ್ಚಾರದಲ್ಲಿ ಒಂದೇ ಆಗಿರುವುದರಿಂದ ಎಷ್ಟೋ ಲಿಫ್ಟ್‌ಗಳಲ್ಲಿ ನಾಲ್ಕನೇ ಮಹಡಿಯ ಗುಂಡಿಯ ಮೇಲೆ ಎಫ್ ಅಂತ ಬರೆದಿರುತ್ತದೆ. ಕನ್ನಡದವರಿಗೂ ಸಾ ಅಂದರೆ ಸಾಯಿ ಅಂತಲೇ ಅಲ್ವಾ? ಕಾಕತಾಳೀಯ, ಅಷ್ಟೇ.

ಶೇಕ್‌ಹ್ಯಾಂಡ್ ಕೊಡುವಾಗ ಎಡಗೈಯನ್ನು ಬಲಗೈ ಮೊಣಕೈಯ ಹತ್ತಿರ ಮೆಲ್ಲಗೆ ಹಿಡಿದು, ಸ್ವಲ್ಪ ಬಾಗಬೇಕು. ದೊಡ್ಡವರು ಕೈ ಚಾಚುವ ತನಕ ನೀವು ಚಾಚಬೇಡಿ. ಬಾಗಿಲಿನಿಂದ ದೂರದ ಕುರ್ಚಿ ದೊಡ್ಡವರದ್ದು. ಕಾರಿನಲ್ಲಿ ಡ್ರೈವರ್ ಇದ್ದರೆ ಹಿಂದಿನ ಸೀಟಿನ ಬಲಬದಿ ದೊಡ್ಡವರದ್ದು. ಅಲ್ಲಿ ಸ್ಟೇರಿಂಗ್ ಎಡಗಡೆ ಇರುತ್ತದೆ, ನೆನಪಿರಲಿ. ಎಲ್ಲಿ ಕೂರಬೇಕು ಅಂತ ಗೊತ್ತಾಗದಿದ್ದರೆ ನಿಂತೇ ಇರಿ, ಯಾರಾದರೂ ತೋರಿಸುತ್ತಾರೆ.

"ಹೂಂ" ಅಂದರೆ ಒಪ್ಪಿಗೆ ಅಲ್ಲ

ಮೀಟಿಂಗ್‌ನಲ್ಲಿ ನೀವು ಏನು ಹೇಳಿದರೂ ಅವರು "ನೇ, ನೇ" ಅನ್ನುತ್ತಿರುತ್ತಾರೆ. ನೇ ಅಂದರೆ ಹೌದು. ಹೊಸಬರು ಖುಷಿಯಾಗಿ ಹೊರಬಂದು "ಡೀಲ್ ಆಯಿತು" ಅಂತ ಬಾಸ್‌ಗೆ ಮೇಲ್ ಹಾಕುತ್ತಾರೆ. ಆದರೆ ಆ ನೇ ನಮ್ಮ ಅಜ್ಜಿ ಕಥೆಗೆ ಹಾಕುವ ಹೂಂ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದುವರಿಸು ಅಂತ, ಅಷ್ಟೇ.

ಇಲ್ಲ ಅನ್ನುವುದನ್ನು ಅವರು ನೇರವಾಗಿ ಹೇಳುವುದು ಕಡಿಮೆ. "ಪರಿಶೀಲಿಸಿ ನೋಡುತ್ತೇವೆ" ಅಂದರೆ ಬಹಳ ಸಲ ಆಗುವುದಿಲ್ಲ ಅಂತ. "ಸ್ವಲ್ಪ ಕಷ್ಟ ಆಗಬಹುದೇನೋ" ಅಂದರೆ ಖಂಡಿತ ಆಗುವುದಿಲ್ಲ. "ನೋಡೋಣ" ಅನ್ನುವ ಪದವನ್ನು ಕಂಡುಹಿಡಿದ ನಮಗೆ ಇದು ಹೊಸತಾ? ಸಾಲ ಕೇಳಲು ಬಂದ ಭಾವನಿಗೆ ನಾವು ನೋಡೋಣ ಅಂದಾಗ ಭಾವನಿಗೂ ಗೊತ್ತು, ನಮಗೂ ಗೊತ್ತು. ಈ ಹೇಳದ್ದನ್ನು ಹಿಡಿಯುವ ಕಲೆಗೆ ಕೊರಿಯಾದಲ್ಲಿ ನುನ್‌ಚಿ ಅಂತ ಹೆಸರು. ಕಣ್ಣಳತೆ ಅಂತ ಅಕ್ಷರಾರ್ಥ ಹೇಳಬಹುದು. ಕೋಣೆಗೆ ಕಾಲಿಟ್ಟ ತಕ್ಷಣ ಯಾರ ಮುಖ ಹೇಗಿದೆ, ಯಾರು ಯಾರಿಗೆ ಹೆದರುತ್ತಿದ್ದಾರೆ, ಈಗ ಮಾತಾಡಬೇಕಾ ಸುಮ್ನಿರಬೇಕಾ ಅಂತ ಅಳೆಯುವುದು. ನುನ್‌ಚಿ ಚುರುಕಾಗಿರುವವರನ್ನು "ನುನ್‌ಚಿ ವೇಗ" ಅಂತ ಹೊಗಳುತ್ತಾರೆ. ಇಲ್ಲದವರನ್ನು "ನುನ್‌ಚಿ ಇಲ್ಲ" ಅಂತ ಬೈಯುತ್ತಾರೆ, ಮತ್ತು ಅದು ದಡ್ಡ ಅನ್ನುವುದಕ್ಕಿಂತ ಕೆಟ್ಟ ಬೈಗುಳ.

ಮೀಟಿಂಗ್ ವಿಷಯಕ್ಕೆ ಬಂದರೆ, ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾ ನಿಮ್ಮ ಜೊತೆ ನಗುತ್ತಾ ಇರುವ ಹುಡುಗ ಹೆಚ್ಚಾಗಿ ದೆರಿ. ಮಧ್ಯದಲ್ಲಿ ಬಾಯಿ ಬಿಡದೆ ಕೂತ ಮನುಷ್ಯ ಬುಜಾಂಗ್. ತೀರ್ಮಾನ ಮಾಡುವುದು ಅವರು. ನೀವು ಮಾತು ಅರ್ಥವಾಗುತ್ತದೆ ಅಂತ ದೆರಿಯನ್ನೇ ನೋಡಿಕೊಂಡು ಮಾತಾಡಿದರೆ ಬುಜಾಂಗ್ ಮಾತ್ರ ಅಲ್ಲ, ಆ ಪಾಪದ ದೆರಿಯೂ ಕುರ್ಚಿಯಲ್ಲಿ ಮುದುಡಿಕೊಳ್ಳುತ್ತಾನೆ. ಮತ್ತೆ, ತೀರ್ಮಾನ ಅಲ್ಲೇ ಆಗುವುದೂ ಇಲ್ಲ. ಅವರ ಪದ್ಧತಿಯಲ್ಲಿ ಒಂದು ಕಾಗದ (ಈಗ ಕಂಪ್ಯೂಟರಿನಲ್ಲಿ) ಕೆಳಗಿನಿಂದ ಮೇಲಕ್ಕೆ ಒಬ್ಬೊಬ್ಬರ ಸಹಿ ಹಾಕಿಸಿಕೊಂಡು ಏರುತ್ತದೆ, ನಮ್ಮ ಸರ್ಕಾರಿ ಫೈಲಿನ ಹಾಗೆ. ಗ್ಯೊಲ್‌ಜೆ ಅನ್ನುತ್ತಾರೆ. ಆ ಕಾಗದ ಬರೆಯುವವನು ಅದೇ ದೆರಿ! ಆದ್ದರಿಂದ ಎದುರಿಗೆ ಬುಜಾಂಗ್‌ಗೆ ಮರ್ಯಾದೆ ಕೊಡಿ, ಆಮೇಲೆ ದೆರಿಗೆ ಬೇಕಾದ ಅಂಕಿ ಅಂಶ, ಚಿತ್ರ, ಬೆಲೆಪಟ್ಟಿ ಎಲ್ಲ ಕೇಳುವ ಮೊದಲೇ ಕಳಿಸಿ. ಅವನು ಮೇಲಿನವರಿಗೆ ಉತ್ತರ ಕೊಡಬೇಕಲ್ಲ.

ಫೈಲು ಮೆಲ್ಲಗೆ ಏರುತ್ತದೆ. ಒಮ್ಮೆ ಸಹಿ ಬಿದ್ದ ಮೇಲೆ ನೋಡಿ, "ಪಲ್ಲಿ ಪಲ್ಲಿ" ಶುರು. ಬೇಗ ಬೇಗ ಅಂತ ಅರ್ಥ, ಇಲ್ಲಿನ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು ಕನಸಿನಲ್ಲೂ ಕೇಳಿರುತ್ತಾರೆ. (ತಮಿಳಿನಲ್ಲಿ ಪಲ್ಲಿ ಅಂದರೆ ಹಲ್ಲಿ, ಚೆನ್ನೈ ಕಡೆ ಇದೊಂದು ಹಳೇ ಜೋಕು.) 1953ರಲ್ಲಿ ಯುದ್ಧ ನಿಂತಾಗ ಏನೂ ಉಳಿಯದಿದ್ದ ದೇಶ ಒಂದೇ ತಲೆಮಾರಿನಲ್ಲಿ ಹಡಗು, ಉಕ್ಕು, ಕಾರು, ಕಂಪ್ಯೂಟರ್ ಚಿಪ್ ಮಾಡುವ ಹಾಗಾಯಿತು. ಆ ಓಟದ ಅಭ್ಯಾಸ ಮೈಗೆ ಅಂಟಿಕೊಂಡಿದೆ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ ಅಂತ ನನ್ನ ಅನಿಸಿಕೆ. "ಶುಕ್ರವಾರಕ್ಕೆ ಆಗುತ್ತಾ?" ಅಂತ ಕೇಳಿದರೆ, ಆಗುವುದಿಲ್ಲ ಅಂತ ಗೊತ್ತಿದ್ದೂ ನಾವು ತಲೆ ಅಲ್ಲಾಡಿಸಿ "ಆಯ್ತು ಸಾರ್, ಮಾಡ್ತೀವಿ" ಅಂದುಬಿಡುತ್ತೇವೆ. ನಮಗೆ ಅದು ಪ್ರಯತ್ನ ಮಾಡುತ್ತೇವೆ ಅನ್ನುವ ಸೌಜನ್ಯ. ದೆರಿ ಮಾತ್ರ ಅದನ್ನು ನಂಬಿ ಮೇಲೆ ಬರೆದು ಕಳಿಸಿರುತ್ತಾನೆ. ಶುಕ್ರವಾರ ಸಂಜೆ ಕೆಲಸ ಮುಗಿಯದಿದ್ದರೆ ಮುಖ ಹೋಗುವುದು ನಿಮ್ಮದಲ್ಲ, ಅವನದ್ದು. ಮುಖ ಅಂದರೆ ಚೆಮ್ಯೊನ್, ನಾಲ್ಕು ಜನರ ಎದುರಿನ ಮಾನ. ಅದನ್ನು ಕಳೆದವರನ್ನು ಸುಲಭಕ್ಕೆ ಮರೆಯುವುದಿಲ್ಲ. ಆಗುವುದಿಲ್ಲ ಅನ್ನುವುದಾದರೆ ಮಂಗಳವಾರವೇ ಹೇಳಿ, ಕಾರಣ ಹೇಳಿ, ಬದಲಿ ದಿನಾಂಕ ಹೇಳಿ. ಎಲ್ಲರ ಎದುರು ಬೇಡ, ಪಕ್ಕಕ್ಕೆ ಕರೆದು ಹೇಳಿ, ಇಲ್ಲ ಕಾಕಾವೊಟಾಕ್‌ನಲ್ಲಿ ಬರೆಯಿರಿ. ಅದು ಅವರ ವಾಟ್ಸಾಪ್. ಅದರಲ್ಲಿ ಸಂದೇಶದ ಪಕ್ಕ 1 ಅಂತ ಇರುತ್ತದೆ, ಓದಿದರೆ ಮಾಯವಾಗುತ್ತದೆ. ಓದಿ ಉತ್ತರ ಕೊಡದೆ ಕೂತರೆ ಅದೂ ಒಂದು ಉತ್ತರವೇ.

ರಾತ್ರಿಯ ಆಫೀಸು

ಸಂಜೆ ಇಡೀ ತಂಡ ಊಟಕ್ಕೆ ಹೋಗುವುದಕ್ಕೆ ಹ್ವೆಸಿಕ್ ಅನ್ನುತ್ತಾರೆ. ಪಾರ್ಟಿ ಅಂದುಕೊಂಡು ಹೋಗಬೇಡಿ, ಅದು ಆಫೀಸಿನದ್ದೇ ಇನ್ನೊಂದು ಕೋಣೆ. ಮೊದಲ ಸುತ್ತು ಹಂದಿಮಾಂಸ ಸುಡುವ ಹೋಟೆಲು, ಎರಡನೇ ಸುತ್ತು ಬಿಯರು, ಮೂರನೇ ಸುತ್ತು ಹಾಡು ಹೇಳುವ ನೊರೆಬಾಂಗ್. ಮೇಜಿನ ನಡುವೆ ಒಲೆ, ಕೈಯಲ್ಲಿ ಇಕ್ಕಳ ಮತ್ತು ಕತ್ತರಿ. ಮಾಂಸ ಸುಡುವ ಕೆಲಸ ಸಾಮಾನ್ಯವಾಗಿ ಎಲ್ಲರಿಗಿಂತ ಚಿಕ್ಕವರದ್ದು. ದೊಡ್ಡವರು ಚಮಚ ಎತ್ತಿದ ಮೇಲೆ ಊಟ ಶುರು. ಅನ್ನವನ್ನು ಚಮಚದಲ್ಲಿ ತಿನ್ನುತ್ತಾರೆ, ಪಲ್ಯಗಳನ್ನು ಲೋಹದ ಕಡ್ಡಿಯಲ್ಲಿ ಎತ್ತುತ್ತಾರೆ. ಬಟ್ಟಲು ಮೇಜಿನ ಮೇಲೇ ಇರಬೇಕು, ಜಪಾನಿನವರ ಹಾಗೆ ಕೈಗೆತ್ತಿಕೊಳ್ಳುವುದಿಲ್ಲ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಿದರೆ ಅದು ಸತ್ತವರಿಗೆ ಎಡೆ ಇಟ್ಟ ಹಾಗೆ. ಎಡೆ ಅಂದರೆ ಏನು ಅಂತ ನಮಗೆ ವಿವರಿಸಬೇಕಾಗಿಲ್ಲ.

ಗ್ಲಾಸಿನ ನಿಯಮ ಬಾಲದ ನಿಯಮವೇ, ನೋಡಿ. ದೊಡ್ಡವರಿಗೆ ಸುರಿಯುವಾಗ ಎರಡು ಕೈ. ಅವರು ಸುರಿಯುವಾಗ ಗ್ಲಾಸ್ ಹಿಡಿಯುವುದೂ ಎರಡು ಕೈ. ಗ್ಲಾಸ್ ತಾಗಿಸುವಾಗ ನಿಮ್ಮದು ಅವರದ್ದಕ್ಕಿಂತ ಸ್ವಲ್ಪ ಕೆಳಗೆ. ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಿ ಕುಡಿಯಬೇಕು, ದೊಡ್ಡವರ ಎದುರು ನೇರವಾಗಿ ಅಲ್ಲ. ಅಪ್ಪನ ಎದುರು ಬೀಡಿ ಸೇದದೆ ಗೋಡೆ ಮರೆಗೆ ಹೋಗುವ ನಮ್ಮೂರಿನ ಗಂಡಸರು ನೆನಪಾಗುತ್ತಾರೆ. ತನ್ನ ಗ್ಲಾಸಿಗೆ ತಾನೇ ಸುರಿದುಕೊಳ್ಳುವುದಿಲ್ಲ, ಪಕ್ಕದವರು ನೋಡಿಕೊಳ್ಳುತ್ತಾರೆ, ನೀವು ಪಕ್ಕದವರದ್ದು ನೋಡಬೇಕು. ಮತ್ತೆ ಗ್ಲಾಸ್ ಪೂರ್ತಿ ಖಾಲಿ ಆದ ಮೇಲೆಯೇ ತುಂಬಬೇಕು. ಅರ್ಧ ಇರುವಾಗಲೇ ಮೇಲೆ ಸುರಿಯುವುದು ಹಿರಿಯರ ಪೂಜೆಯಲ್ಲಿ ಮಾಡುವ ಕ್ರಮ. ನಾನು ಅತಿಥಿ ಸತ್ಕಾರದ ಭರದಲ್ಲಿ ಒಬ್ಬ ಹಿರಿಯರ ಅರ್ಧ ಗ್ಲಾಸಿಗೆ ಸೋಜು, ಅಂದರೆ ಅಲ್ಲಿನ ಹೆಂಡ, ಸುರಿದಿದ್ದೆ. ಎಲೆಯಲ್ಲಿ ಅನ್ನ ಖಾಲಿ ಆಗುವ ಮೊದಲೇ ಬಡಿಸಿ ಅಭ್ಯಾಸ. ಅವರು ನಗುತ್ತಾ "ನಾನಿನ್ನೂ ಬದುಕಿದ್ದೇನೆ" ಅಂದರು.

ಕುಡಿಯದವರು ಏನು ಮಾಡಬೇಕು? ಮೊದಲೇ ಹೇಳಿಬಿಡಿ. ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಅನ್ನಿ, ಮನೆಯ ಪದ್ಧತಿ ಅನ್ನಿ, ಎರಡೂ ನಡೆಯುತ್ತವೆ. ಆದರೆ ಗ್ಲಾಸನ್ನು ಮಾತ್ರ ಬೇಡ ಅನ್ನಬೇಡಿ. ಅದರಲ್ಲಿ ಸೈಡರ್ ಹಾಕಿಸಿಕೊಳ್ಳಿ. ಅಲ್ಲಿ ಸೈಡರ್ ಅಂದರೆ ನಿಂಬೆ ರುಚಿಯ ಸೋಡಾ, ಹೆಂಡ ಅಲ್ಲ. ಎಲ್ಲರೂ ಗ್ಲಾಸ್ ಎತ್ತಿದಾಗ ನೀವೂ ಎತ್ತಿದರೆ ಸಾಕು. ಈಚೆಗೆ ಒತ್ತಾಯವೂ ಕಡಿಮೆ. 2018ರ ಜುಲೈನಲ್ಲಿ ದೊಡ್ಡ ಕಂಪನಿಗಳಿಂದ ಶುರುವಾಗಿ ವಾರಕ್ಕೆ 52 ಗಂಟೆಗಿಂತ ಜಾಸ್ತಿ ದುಡಿಸುವ ಹಾಗಿಲ್ಲ ಅಂತಾಯಿತು. 2019ರ ಜುಲೈನಲ್ಲಿ ಕೆಲಸದ ಜಾಗದ ಕಿರುಕುಳದ ವಿರುದ್ಧ ಕಾನೂನು ಜಾರಿಗೆ ಬಂತು. ಬಲವಂತವಾಗಿ ಕುಡಿಸುವುದೂ ಕಿರುಕುಳವೇ ಅಂತ ಈಗ ಬುಜಾಂಗ್‌ಗಳಿಗೂ ಗೊತ್ತು. ಚಿಕ್ಕ ವಯಸ್ಸಿನವರು ಬರೀ ಮಧ್ಯಾಹ್ನದ ಊಟಕ್ಕೆ ಸೇರೋಣ ಅನ್ನುತ್ತಾರೆ. ಉಪದೇಶ ಮಾಡುವ ಹಿರಿಯರಿಗೆ "ಕ್ಕೊಂದೆ" ಅಂತ ಅಡ್ಡಹೆಸರು ಇದೆ. ಅವರ ಮಾತು ಶುರುವಾಗುವುದೇ "ನಾ ತೆನುನ್", ಅಂದರೆ "ನಮ್ ಕಾಲದಲ್ಲಿ" ಅಂತ. ಅದು ಕಾಫಿಯ "ಲಾಟೆ"ಯ ಹಾಗೆ ಕೇಳಿಸುವುದರಿಂದ ಹುಡುಗರು ಅಂಥ ಬಾಸ್ ಕಂಡರೆ ಲಾಟೆ ಬಂತು ಅಂತ ನಗುತ್ತಾರೆ.

ಸಸ್ಯಾಹಾರಿಗಳ ಕಷ್ಟ ಮಾತ್ರ ಸುಳ್ಳಲ್ಲ. ಅವರ ಉಪ್ಪಿನಕಾಯಿಯಂಥ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನಿನ ರಸ, ಇಲ್ಲ ಉಪ್ಪು ಹಾಕಿದ ಸೀಗಡಿ ಇರುತ್ತದೆ. ನೋಡಲು ಬರೀ ಸೊಪ್ಪಿನ ಸಾರು, ಕುದಿಸಿದ್ದು ಒಣ ಮೀನಿನ ನೀರಿನಲ್ಲಿ. "ಮಾಂಸ ಬೇಡ" ಅಂದರೆ ಮಾಂಸದ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ. ಮೋಸ ಅಲ್ಲ, ಅವರ ಲೆಕ್ಕದಲ್ಲಿ ಸಾರು ಮಾಂಸ ಅಲ್ಲ. ಮಾಂಸ, ಮೊಟ್ಟೆ ಇಲ್ಲದ ಬಿಬಿಂಬಾಪ್ (ತರಕಾರಿ ಹಾಕಿ ಕಲಸುವ ಅನ್ನ) ಹೇಳುವುದು ಒಂದು ದಾರಿ. ಇನ್ನೊಂದು ಬೌದ್ಧ ದೇವಸ್ಥಾನದ ಊಟ. ಅದರಲ್ಲಿ ಮಾಂಸ, ಮೀನು ಇಲ್ಲದಿರುವುದಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಬೆಳ್ಳುಳ್ಳಿ ಇಲ್ಲದೆ ಉಸಿರಾಡದ ದೇಶದಲ್ಲಿ ನಮ್ಮ ಮಠದ ಊಟದಂಥದ್ದು ಇದೆ ಅಂತ ತಿಳಿದಾಗ ನಮ್ಮ ಗುಂಪಿನ ಒಬ್ಬರು ಹಿರಿಯರಿಗೆ ಕಣ್ಣಲ್ಲಿ ನೀರು ಬಂದದ್ದೊಂದು ಬಾಕಿ. ಸೋಲ್‌ನ ಇನ್ಸಾದೊಂಗ್ ಬಡಾವಣೆಯ ಸುತ್ತಮುತ್ತ ಹುಡುಕಿ.

ಬಿಲ್ಲು? ಹಂಚಿಕೊಳ್ಳುವ ಮಾತು ಎತ್ತಬೇಡಿ. ಕರೆದವರು ಇಲ್ಲ ದೊಡ್ಡವರು ಕೊಡುತ್ತಾರೆ. ಆಮೇಲೆ ಕಾಫಿ ನೀವು ಕೊಡಿಸಿ, ಲೆಕ್ಕ ಚುಕ್ತಾ. ಸಮವಯಸ್ಕ ಹುಡುಗರು ಈಗ ಫೋನಿನಲ್ಲೇ ಪಾಲು ಹಾಕಿಕೊಳ್ಳುತ್ತಾರೆ, ಅದು ಬೇರೆ. ಟಿಪ್ಸ್ ಇಡುವ ಪದ್ಧತಿ ಇಲ್ಲ.

ಮುಯ್ಯಿ ಮತ್ತು ಕಾನೂನು

ಅಲ್ಲಿನ ಮದುವೆಗೆ ಹೋದರೆ ನಿಮಗೆ ಊರಿಗೆ ಬಂದ ಹಾಗೆ ಆಗುತ್ತದೆ. ಬಾಗಿಲಲ್ಲೇ ಮೇಜು, ಬಿಳಿ ಕವರಿನಲ್ಲಿ ದುಡ್ಡು, ಯಾರು ಎಷ್ಟು ಕೊಟ್ಟರು ಅಂತ ಬರೆದುಕೊಳ್ಳುವ ಮನುಷ್ಯ. ನಾಳೆ ಅವರ ಮನೆ ಮದುವೆಗೆ ಇವರು ಅಷ್ಟೇ ಕೊಡಬೇಕು. ನಮ್ಮ 101, 501ರ ಹಾಗೆ ಅವರಿಗೂ ಬೆಸ ಸಂಖ್ಯೆಯೇ ಶುಭ. 30 ಸಾವಿರ, 50 ಸಾವಿರ, 70 ಸಾವಿರ ವಾನ್. ಅದರ ಮೇಲೆ ಹೋಗುವುದಾದರೆ 1 ಲಕ್ಷ ವಾನ್, ಅದು ಸಮ ಆದರೂ ನಡೆಯುತ್ತದೆ. ಸಾವಿನ ಮನೆಗೂ ಇದೇ ಥರ ಕವರು ಇರುತ್ತದೆ. ಕಪ್ಪು ಬಟ್ಟೆ ಹಾಕಿಕೊಂಡು ಹೋಗಿ, ಸತ್ತವರ ಫೋಟೋಗೆ ಎರಡು ಸಲ ನೆಲಕ್ಕೆ ಬಾಗಿ ನಮಸ್ಕಾರ ಮಾಡಿ, ಊಟಕ್ಕೆ ಕೂರಿ. ಅಲ್ಲಿ ಗ್ಲಾಸ್ ಮಾತ್ರ ತಾಗಿಸಬಾರದು.

ಹಬ್ಬಕ್ಕೆ ಉಡುಗೊರೆ ಕೊಡುವುದು ದೊಡ್ಡ ವ್ಯವಹಾರ. ಚುಸೊಕ್ ಹಬ್ಬದಲ್ಲಿ ಅಂಗಡಿ ತುಂಬ ಡಬ್ಬಿ ಮಾಂಸದ ಗಿಫ್ಟ್ ಪೆಟ್ಟಿಗೆಗಳು. ಹೊಸ ಮನೆಗೆ ಹೋಗುವಾಗ ಟಾಯ್ಲೆಟ್ ಪೇಪರು, ಬಟ್ಟೆ ಸೋಪು ಒಯ್ಯುತ್ತಾರೆ. ಪೇಪರು ಸಲೀಸಾಗಿ ಬಿಚ್ಚಿಕೊಳ್ಳುವ ಹಾಗೆ ಕೆಲಸ ಬಿಚ್ಚಿಕೊಳ್ಳಲಿ, ನೊರೆಯ ಹಾಗೆ ಸಂಪತ್ತು ಉಕ್ಕಲಿ ಅಂತ. ಆದರೆ ಸರ್ಕಾರಿ ಅಧಿಕಾರಿ, ಶಾಲೆ ಮೇಷ್ಟ್ರು, ಪತ್ರಕರ್ತರಿಗೆ ಏನಾದರೂ ಕೊಡುವ ಮೊದಲು ನಿಲ್ಲಿ. 2016ರ ಸೆಪ್ಟೆಂಬರ್‌ನಿಂದ ಒಂದು ಕಡಕ್ ಕಾನೂನಿದೆ. ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿಯ ಹೆಸರಿನಲ್ಲಿ ಅದನ್ನು ಕಿಮ್ ಯಂಗ್‌ರಾನ್ ಕಾನೂನು ಅಂತಲೇ ಕರೆಯುತ್ತಾರೆ. ಅಂಥವರಿಗೆ ಕೊಡಿಸುವ ಊಟಕ್ಕೆ ಮೊದಲು 30 ಸಾವಿರ ವಾನ್ ಮಿತಿ ಇತ್ತು, 2024ರ ಆಗಸ್ಟ್‌ನಲ್ಲಿ ಅದನ್ನು 50 ಸಾವಿರಕ್ಕೆ ಏರಿಸಿದರು.

ಈ ಮೇಲೆ ಕೆಳಗೆ ಅನ್ನುವ ಏಣಿಗೆ ಒಂದು ಕೊಳಕು ಬದಿಯೂ ಇದೆ. ನಮ್ಮ ಕ್ರಯಪತ್ರಗಳಲ್ಲಿ ಒಂದನೇ ಪಾರ್ಟಿ, ಎರಡನೇ ಪಾರ್ಟಿ ಅಂತ ಬರೆಯುವ ಹಾಗೆ ಅವರ ಕರಾರಿನಲ್ಲಿ ಗಾಪ್ ಮತ್ತು ಊಲ್ ಅಂತ ಬರೆಯುತ್ತಾರೆ. ಗಾಪ್ ಅಂದರೆ ದುಡ್ಡು ಕೊಡುವವನು, ಊಲ್ ಅಂದರೆ ದುಡಿಯುವವನು. ಗಾಪ್ ಆದವನು ಊಲ್ ಮೇಲೆ ದರ್ಪ ತೋರಿಸಿದರೆ ಅದು ಗಾಪ್‌ಜಿಲ್. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಿಂದ ಹೊರಟಿದ್ದ ಕೊರಿಯನ್ ಏರ್ ವಿಮಾನದಲ್ಲಿ, ಬೀಜಗಳನ್ನು ತಟ್ಟೆಯಲ್ಲಿ ಕೊಡದೆ ಪೊಟ್ಟಣದಲ್ಲೇ ಕೊಟ್ಟರು ಅಂತ ಕಂಪನಿಯ ಅಧ್ಯಕ್ಷರ ಮಗಳು, ಅದೇ ಕಂಪನಿಯ ಉಪಾಧ್ಯಕ್ಷೆ, ರನ್‌ವೇ ಕಡೆ ಹೋಗುತ್ತಿದ್ದ ವಿಮಾನವನ್ನು ವಾಪಸ್ ತಿರುಗಿಸಿ ಸಿಬ್ಬಂದಿ ಮುಖ್ಯಸ್ಥನನ್ನು ಇಳಿಸಿದರು. ಅವರಿಗೆ ಕೋರ್ಟಿನಲ್ಲಿ ಶಿಕ್ಷೆ ಆಯಿತು, ಅಪೀಲಿನಲ್ಲಿ ಅದನ್ನು ಅಮಾನತಿನಲ್ಲಿಟ್ಟರು. ಜನಕ್ಕೆ ಸಿಟ್ಟು ಬಂದಿದ್ದು ಅದು ಅಪರೂಪದ ಘಟನೆ ಅಂತ ಅಲ್ಲ. ಪ್ರತಿಯೊಬ್ಬ ದೆರಿಯೂ ಅದರಲ್ಲಿ ತನ್ನ ಆಫೀಸು ಕಂಡ. ನೀವು ಇಲ್ಲಿ ಕೊರಿಯಾದ ಕಂಪನಿಗೆ ಊಲ್ ಆಗಿದ್ದರೆ, ಮರ್ಯಾದೆ ಬೇರೆ, ಕೂಗಾಟ ಸಹಿಸುವುದು ಬೇರೆ ಅಂತ ಗೊತ್ತಿರಲಿ. ಅಲ್ಲಿನವರೇ ಅದನ್ನು ಸರಿ ಅನ್ನುವುದಿಲ್ಲ.

ಇಷ್ಟೆಲ್ಲ ಓದಿ ಭಯ ಬೀಳಬೇಡಿ. ವಿದೇಶಿಯರ ತಪ್ಪನ್ನು ಅವರು ಬಹಳ ಮನ್ನಿಸುತ್ತಾರೆ, ಅದರಲ್ಲೂ "ಯೊ" ಸೇರಿಸಿ ನಾಲ್ಕು ಮಾತು ಕಲಿತವರನ್ನು. ಅವರೂ ಅಪ್ಪನಿಗೆ ಆಪ್ಪಾ ಅನ್ನುತ್ತಾರೆ, ಅಮ್ಮನಿಗೆ ಓಮ್ಮಾ. ನಾವು "ನಮ್ಮಮ್ಮ, ನಮ್ಮನೆಯವರು" ಅನ್ನುವ ಹಾಗೆ ಅವರೂ ತಮ್ಮೊಬ್ಬರ ಗಂಡನನ್ನೇ "ಉರಿ ನಂಪ್ಯೊನ್", ನಮ್ಮ ಗಂಡ, ಅನ್ನುತ್ತಾರೆ. (ಹೊಟ್ಟೆ ಉರಿಯ ಉರಿ ಅಲ್ಲ, ನಮ್ಮ ಅಂತ ಅರ್ಥ.) ಬೆಳಿಗ್ಗೆ ಹನ್ನೊಂದಕ್ಕೋ ಮಧ್ಯಾಹ್ನ ಮೂರಕ್ಕೋ ಎದುರು ಸಿಕ್ಕರೆ "ಬಾಪ್ ಮೊಗೊಸ್ಸೊಯೊ?" ಅಂತ ಕೇಳುತ್ತಾರೆ. ಊಟ ಆಯ್ತಾ! ಆಗದಿದ್ದರೂ "ಆಯ್ತು, ನಿಮ್ದು?" ಅಂದರೆ ಮುಗಿಯಿತು, ಥೇಟ್ ನಮ್ಮ ಹಾಗೆ.

ಹೀಗೆ ಒಂದು ವರ್ಷವೋ ಎರಡು ವರ್ಷವೋ ಕಳೆದ ಮೇಲೆ, ನಿಮಗಿಂತ ದೊಡ್ಡವರು ಒಬ್ಬರು ಒಂದು ದಿನ "ಇನ್ನು ಮಾತು ಇಳಿಸೋಣ" ಅನ್ನಬಹುದು. ಬಾಲ ಬಿಟ್ಟು ಅರ್ಧ ಮಾತಿನಲ್ಲಿ ಮಾತಾಡೋಣ, ನೀನು ನನ್ನ ತಮ್ಮ ಅಂತ. ಆ ಮಾತನ್ನು ಚಿಕ್ಕವರು ಎತ್ತುವ ಹಾಗಿಲ್ಲ, ದೊಡ್ಡವರೇ ಹೇಳಬೇಕು. ನನಗೆ ಅದನ್ನು ಹೇಳಿದ ಬುಜಾಂಗ್ ಮಾರನೇ ದಿನ ಬೆಳಿಗ್ಗೆ ಆಫೀಸಿನ ಲಿಫ್ಟ್‌ನಲ್ಲಿ ಸಿಕ್ಕಾಗ ಎಲ್ಲರ ಎದುರು ಪೂರ್ತಿ ಮರ್ಯಾದೆಯ ಬಾಲ ಸೇರಿಸಿಯೇ ಮಾತಾಡಿಸಿದರು. ನಾನೂ ಎರಡು ಕೈ ಜೋಡಿಸಿ ಬಾಗಿ, ಬುಜಾಂಗ್‌ನಿಮ್ ಅಂದೆ. ಲಿಫ್ಟಿನಲ್ಲಿ ನಾವಿಬ್ಬರೇ ಉಳಿದ ಮೇಲೆ, "ತಿಂಡಿ ಆಯ್ತೇನೋ?" ಅನ್ನುವ ಧಾಟಿಯಲ್ಲಿ ಬಾಲ ಇಲ್ಲದೆ ಕೇಳಿದರು.